ರೈಫಲ್ ಕೊನೆಗೆ ಕೊಳ್ಳಿ

ನಡುವಯಸ್ಸಿನಲ್ಲಿ ಹಳೆಯ ಆಟಕ್ಕೆ ಮರಳುವವರ ಬಳಿ ಕಾಲೇಜು ದಿನಗಳಲ್ಲಿ ಇಲ್ಲದ ಒಂದು ಅನುಕೂಲ ಇರುತ್ತದೆ: ತಿಂಗಳ ಸಂಬಳ. ಎಡವುವುದಕ್ಕೂ ಅದೇ ಕಾರಣವಾಗಬಹುದು. ಎನ್‌ಸಿಸಿಯಲ್ಲಿ ಹತ್ತಿದ ಶೂಟಿಂಗ್ ಹುಚ್ಚು, ನೌಕರಿ ಸಂಸಾರಗಳ ನಡುವೆ ವರ್ಷಗಟ್ಟಲೆ ಮೂಲೆ ಸೇರಿತ್ತು. ಈಗ ಬಸವೇಶ್ವರನಗರದ ಮನೆಯಿಂದ ಕೆಂಗೇರಿ ಕಡೆಯ ರೇಂಜಿಗೆ ಮತ್ತೆ ಹೋಗತೊಡಗಿದ್ದೇನೆ. ಸಿಕ್ಕವರೆಲ್ಲ ಮೊದಲು ಕೇಳಿದ್ದು ಒಂದೇ ಪ್ರಶ್ನೆ: ‘ಯಾವ ರೈಫಲ್ ತಗೋತೀರಾ?’ ಮೊದಲ ವರ್ಷ ಯಾವುದೂ ಬೇಡ ಎಂದು ನಾನು ನಿರ್ಧರಿಸಿದೆ. ಅದರ ಹಿಂದಿನ ಲೆಕ್ಕವನ್ನು ಇಲ್ಲಿ ಬಿಡಿಸಿಡುತ್ತೇನೆ.

10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ 60 ಶಾಟ್. ಅದಕ್ಕೆ ಮೊದಲು ಸೈಟರ್‌ಗಳು, ಅಂದರೆ ಲೆಕ್ಕಕ್ಕಿಲ್ಲದ ಪರೀಕ್ಷಾ ಹೊಡೆತಗಳು. ಒಂದು ಅಭ್ಯಾಸಕ್ಕೆ ಒಟ್ಟು 80 ಪೆಲೆಟ್ ಹಿಡಿಯಿರಿ. ವಾರಕ್ಕೆ ಎರಡು ಸಲ ಹೋದರೆ ವರ್ಷಕ್ಕೆ 8,320. ಮ್ಯಾಚ್ ಪೆಲೆಟ್ ಸಾಮಾನ್ಯವಾಗಿ 500ರ ಡಬ್ಬಿಯಲ್ಲಿ ಬರುತ್ತದೆ, ಹಾಗಾಗಿ ವರ್ಷಕ್ಕೆ 17 ಡಬ್ಬಿ ಬೇಕು. ಡಬ್ಬಿಗೆ ಸಾವಿರ ರೂಪಾಯಿ ಎಂದಿಟ್ಟುಕೊಂಡರೆ ಶಾಟ್ ಒಂದಕ್ಕೆ 2 ರೂಪಾಯಿ. ರೇಂಜಿನ ಶುಲ್ಕ ತಿಂಗಳಿಗೆ 3,000 ಎಂದಿಟ್ಟುಕೊಂಡರೆ ಶಾಟಿಗೆ ಇನ್ನೂ 4 ರೂಪಾಯಿ ಚಿಲ್ಲರೆ.

ಇದರ ಮೇಲೆ ರೈಫಲ್ ಇಡೋಣ. ವಾಲ್ಥರ್, ಫೈನ್‌ವರ್ಕ್‌ಬಾವ್, ಆನ್‌ಶುಟ್ಸ್‌ನಂಥ ಜರ್ಮನ್ ಮ್ಯಾಚ್ ರೈಫಲ್‌ಗಳು ಇಲ್ಲಿ ಎರಡು ಲಕ್ಷ ರೂಪಾಯಿಗೂ ಮೇಲೆ. ಎರಡೂವರೆ ಲಕ್ಷ ಕೊಟ್ಟು ಐದು ವರ್ಷ ಬಳಸಿದರೆ ವರ್ಷಕ್ಕೆ 50,000, ಶಾಟಿಗೆ 6 ರೂಪಾಯಿ. ವಾರಕ್ಕೆ ಎರಡು ದಿನ ಒಂದು ದಿನಕ್ಕಿಳಿದರೆ ಅದೇ ಬಾಬ್ತು ಶಾಟಿಗೆ 12 ರೂಪಾಯಿ. ಮರಳಿ ಬಂದವರ ಮೊದಲ ವರ್ಷ ಹೀಗೆ ಏರಿಳಿಯುವುದೇ ಹೆಚ್ಚು: ಮಕ್ಕಳ ಪರೀಕ್ಷೆ, ಅಪ್ಪ ಅಮ್ಮನ ಆಸ್ಪತ್ರೆ, ಮೈಸೂರು ರಸ್ತೆಯ ಟ್ರಾಫಿಕ್. ಕ್ಲಬ್ಬಿನ ರೈಫಲ್ ಬಳಸಿದರೆ ಹೋಗದ ದಿನಗಳ ಬಂಡವಾಳ ನಿಮ್ಮ ತಲೆಯ ಮೇಲಿರುವುದಿಲ್ಲ. ಅದಕ್ಕೇ ನನ್ನ ಮಾತು: ಒಂದು ವರ್ಷ ಕ್ಲಬ್ಬಿನ ರೈಫಲ್‌ನಲ್ಲಿ ಹೊಡೆಯಿರಿ, ಹೋದ ದಿನಗಳನ್ನು ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿ. ಕೊಳ್ಳುವುದೋ ಬೇಡವೋ ಎಂಬುದನ್ನು ಆ ಕ್ಯಾಲೆಂಡರ್ ಹೇಳಲಿ.

ಹಾಗಾದರೆ ಹಣ ಮೊದಲು ಎಲ್ಲಿಗೆ? ಕಣ್ಣಿಗೆ. ನಲವತ್ತು ದಾಟಿದವರಿಗೆ ರೈಫಲ್‌ನ ಮುಂದಿನ ಸೈಟಿನ ಉಂಗುರ ಮಸುಕಾಗುತ್ತದೆ. ಗುರಿಯಲ್ಲಿರುವ ಹತ್ತರ ಚುಕ್ಕೆಯ ಅಗಲ ಬರೀ ಅರ್ಧ ಮಿಲಿಮೀಟರ್, ಆದರೆ ಕಣ್ಣು ನೆಡಬೇಕಾದ್ದು ಮುಂದಿನ ಸೈಟಿನ ಮೇಲೆ. ರೈಫಲ್ ಎತ್ತಿ ಹಿಡಿದಾಗ ಆ ಸೈಟ್ ಕಣ್ಣಿನಿಂದ ಎಷ್ಟು ದೂರವಿರುತ್ತದೆ ಎಂದು ಅಳೆದುಕೊಂಡು, ರಾಜಾಜಿನಗರದಲ್ಲಿ ಕಣ್ಣು ತೋರಿಸುವಾಗ ಆ ಅಳತೆಯನ್ನು ಹೇಳಿದೆ. ಆ ದೂರಕ್ಕೆ ಹೊಂದುವ ಗಾಜು ಹಾಕಿಸಿಕೊಂಡ ಮೇಲೆ ಸಿಕ್ಕ ಸ್ಪಷ್ಟತೆಯನ್ನು ಯಾವ ದುಬಾರಿ ಬ್ಯಾರೆಲ್ಲೂ ಕೊಡುತ್ತಿರಲಿಲ್ಲ.

ಎರಡನೆಯದು ಜಾಕೆಟ್, ಪ್ಯಾಂಟ್, ಶೂ. ಗಂಟೆಗಟ್ಟಲೆ ನಿಂತೇ ಹೊಡೆಯುವ ಆಟವಿದು. ನಿಯಮದ ಪ್ರಕಾರ ರೈಫಲ್ 5.5 ಕಿಲೋವರೆಗೆ ತೂಗಬಹುದು, ಆ ಭಾರದಲ್ಲಿ ಬೆನ್ನಿಗೆ ಆಸರೆಯಾಗುವುದು ಈ ಬಟ್ಟೆ. ಅಟ್ಟದಲ್ಲಿಟ್ಟ ಹಳೆಯ ಜಾಕೆಟ್ ಈಗಿನ ದೇಹಕ್ಕೆ ಹೊಂದುವುದು ಕಷ್ಟ. ಹೊಂದಿದರೂ ಬಟ್ಟೆಯ ದಪ್ಪ 2.5 ಮಿಲಿಮೀಟರ್ ಮೀರುವಂತಿಲ್ಲ, ಗುಂಡಿ ಹಾಕಿದಾಗ ಬಿಗಿದು ಕೂರುವಂತೆಯೂ ಇಲ್ಲ. ಅಂಗಡಿಯಲ್ಲಿ ಕಂಡದ್ದನ್ನು ಕೊಳ್ಳದೆ ಅಳತೆ ಕೊಟ್ಟು ಹೊಲಿಸಿ. ಕ್ಲಬ್ಬಿನ ರೈಫಲ್ಲನ್ನು ಹತ್ತು ಜನ ಹಂಚಿಕೊಳ್ಳಬಹುದು, ಜಾಕೆಟ್ ಒಬ್ಬರ ಮೈಗೆ ಮಾತ್ರ ಸರಿ.

ಮೂರನೆಯದು ಪೆಲೆಟ್. ನಾವು ಆಡುತ್ತಿದ್ದ ಕಾಲದಲ್ಲಿ ಹತ್ತು ಎಂದರೆ ಹತ್ತು. ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರು 2004ರಲ್ಲಿ ಕೌಲಾಲಂಪುರದ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ 400ಕ್ಕೆ 400 ಹೊಡೆದದ್ದು ಆ ಲೆಕ್ಕದಲ್ಲಿ. 2013ರಿಂದ ಅರ್ಹತಾ ಸುತ್ತಿನಲ್ಲೂ ದಶಮಾಂಶ ಬಂದಿದೆ: 10.0ಕ್ಕೂ 10.9ಕ್ಕೂ ಅಂತರವಿದೆ. ಮಹಿಳೆಯರ ಸ್ಪರ್ಧೆಯೂ 2018ರಲ್ಲಿ 40ರಿಂದ 60 ಶಾಟಿಗೆ ಏರಿತು. ಕೂದಲೆಳೆಯಷ್ಟು ಅಂತರವೂ ಅಂಕವಾಗುವ ಆಟದಲ್ಲಿ ಒಂದೇ ಡಬ್ಬಿಯ ಪೆಲೆಟ್‌ಗಳು ಒಂದರಂತೆ ಒಂದಿರಬೇಕು. ಆದರೂ ಮೊದಲ ತಿಂಗಳುಗಳಲ್ಲಿ ಅಗ್ಗದ ಪೆಲೆಟ್ ಸಾಕು, ನಿಲುವು ಗಟ್ಟಿಯಾದ ಮೇಲೆ ಮ್ಯಾಚ್ ಪೆಲೆಟ್‌ಗೆ ಹೋಗಿ.

ನಾಲ್ಕನೆಯದಕ್ಕೆ ಖರ್ಚೇ ಇಲ್ಲ: ಡ್ರೈ ಫೈರಿಂಗ್. ಪೆಲೆಟ್ ಇಲ್ಲದೆ ಗುರಿ ಹಿಡಿದು ಟ್ರಿಗರ್ ಒತ್ತುವ ಅಭ್ಯಾಸಕ್ಕೆ ಮ್ಯಾಚ್ ರೈಫಲ್‌ಗಳಲ್ಲಿ ವ್ಯವಸ್ಥೆಯೇ ಇರುತ್ತದೆ. ಸ್ಪ್ರಿಂಗ್ ರೈಫಲ್‌ನಲ್ಲಿ ಮಾತ್ರ ಹೀಗೆ ಮಾಡಬೇಡಿ, ಒಳಗಿನ ಪಿಸ್ಟನ್ ಪೆಟ್ಟು ತಿನ್ನುತ್ತದೆ. ರೇಂಜಿನಲ್ಲಿ ಅರ್ಧ ಸಮಯ ಹೀಗೆ ಕಳೆದರೆ ಪೆಲೆಟ್ ಖರ್ಚು ಅರ್ಧಕ್ಕಿಳಿಯುತ್ತದೆ, ಟ್ರಿಗರ್ ಬೆರಳು ಮೊದಲಿನ ಹದಕ್ಕೆ ಬರುತ್ತದೆ.

ವರ್ಷದ ಕ್ಯಾಲೆಂಡರ್ ತುಂಬಿದ್ದರೆ ರೈಫಲ್ ಕೊಳ್ಳಿ. ಆಗ ಮೂರು ಸಂಗತಿ ಗಮನದಲ್ಲಿರಲಿ. ಒಂದು, ವೇಗಕ್ಕೆ ಮರುಳಾಗಬೇಡಿ. ಅಂಗಡಿಗಳಲ್ಲಿ ‘ಪವರ್’ ಎಂದು ಹೊಗಳುವ ಸ್ಪ್ರಿಂಗ್ ಗನ್‌ಗಳು ಹಿಂದಕ್ಕೆ ಒದೆಯುತ್ತವೆ. ಮ್ಯಾಚ್ ರೈಫಲ್‌ಗೆ ಸುಮಾರು 7.5 ಜೌಲ್ ಶಕ್ತಿ ಸಾಕು. ಎರಡು, 2016ರ ಶಸ್ತ್ರಾಸ್ತ್ರ ನಿಯಮಗಳಂತೆ .177 ಬೋರಿನ, 20 ಜೌಲ್ ಮೀರದ ಏರ್ ರೈಫಲ್‌ಗೆ ಪರವಾನಗಿ ಬೇಕಿಲ್ಲ. ಗುರುತು ಮತ್ತು ವಿಳಾಸದ ದಾಖಲೆ ಕೊಟ್ಟು, ರಸೀದಿ ಪಡೆದು ಜೋಪಾನವಾಗಿಡಿ. ಒತ್ತೊತ್ತಾಗಿ ಮನೆಗಳಿರುವ ವಿಜಯನಗರದಂಥ ಕಡೆ ಮಹಡಿಯ ಮೇಲೆ ಹೊಡೆಯುವ ಯೋಚನೆಯೂ ಬೇಡ.

ಮೂರನೆಯದು ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ. ಈಗಿನ ಮ್ಯಾಚ್ ರೈಫಲ್‌ಗಳು ಸುಮಾರು 200 ಬಾರ್ ಒತ್ತಡದ ಗಾಳಿ ತುಂಬಿದ ಸಿಲಿಂಡರ್‌ನಿಂದ ನಡೆಯುತ್ತವೆ. ಸಿಲಿಂಡರ್ ಮೇಲೆ ತಯಾರಾದ ದಿನಾಂಕ ಅಚ್ಚಾಗಿರುತ್ತದೆ, 10 ವರ್ಷದ ಆಯುಷ್ಯ ರೂಢಿ. ಅವಧಿ ಮೀರಿಲ್ಲ ಎಂದು ನೋಡಿಕೊಳ್ಳುವ ಹೊಣೆಯನ್ನು ಅಂತರರಾಷ್ಟ್ರೀಯ ನಿಯಮ ಆಟಗಾರರ ಮೇಲೇ ಹಾಕಿದೆ. ಎಂಟು ವರ್ಷದ ಸಿಲಿಂಡರ್ ಇರುವ ರೈಫಲ್ ಅಗ್ಗವಾಗಿ ಕಂಡರೆ, ಹೊಸ ಸಿಲಿಂಡರ್‌ನ ಬೆಲೆ ಸೇರಿಸಿ ನೋಡಿ. ಒಳ್ಳೆಯ ರೈಫಲ್‌ಗೆ ಮರುಮಾರಾಟದ ಬೆಲೆಯೂ ಉಂಟು: ಎರಡೂವರೆ ಲಕ್ಷದ್ದನ್ನು ಐದು ವರ್ಷದ ನಂತರ ಒಂದೂವರೆಗೆ ಕೊಟ್ಟರೂ ನಿಜವಾದ ಖರ್ಚು ಒಂದೇ ಲಕ್ಷ, ಶಾಟಿಗೆ 6 ರೂಪಾಯಿ ಇದ್ದದ್ದು ಎರಡೂವರೆಗಿಂತ ಕೆಳಗಿಳಿಯುತ್ತದೆ. ಮಹಾರಾಷ್ಟ್ರದ ಪ್ರೆಸಿಹೋಲ್‌ನಂಥ ದೇಶೀ ಕಂಪನಿಗಳ ರೈಫಲ್‌ಗಳನ್ನೂ ಕೈಯಲ್ಲಿ ಹಿಡಿದು ನೋಡಿ ತೀರ್ಮಾನಿಸಿ.

ಇಷ್ಟು ವರ್ಷ ಬಿಟ್ಟ ಮೇಲೆ ಇದೆಲ್ಲ ಬೇಕೇ ಎಂದು ಕೇಳುವವರಿಗೆ ನಮ್ಮ ಊರಿನವರೇ ಉತ್ತರ. ಬೆಂಗಳೂರಿನ ಪಿ.ಎನ್. ಪ್ರಕಾಶ್ ಶೂಟಿಂಗ್ ಬಿಟ್ಟು ಕೆನಡಾದಲ್ಲಿ ಸಾಫ್ಟ್‌ವೇರ್ ನೌಕರಿಯಲ್ಲಿದ್ದವರು. ಮರಳಿ ಬಂದು ಪಿಸ್ತೂಲು ಹಿಡಿದರು, 2013ರಲ್ಲಿ ಚಾಂಗ್ವಾನ್ ವಿಶ್ವಕಪ್‌ನ 10 ಮೀಟರ್ ಏರ್ ಪಿಸ್ತೂಲ್‌ನಲ್ಲಿ ಕಂಚು, 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದ 50 ಮೀಟರ್ ಪಿಸ್ತೂಲ್‌ನಲ್ಲಿ ಬೆಳ್ಳಿ ಗೆದ್ದರು, 2016ರಲ್ಲಿ ರಿಯೊ ಒಲಿಂಪಿಕ್ಸ್‌ಗೂ ಹೋದರು. ನಮ್ಮಂಥವರಿಗೆ ಪದಕದ ಮಾತು ಬೇಡ. ವಾರಕ್ಕೆರಡು ಸಂಜೆ ಫೋನ್ ಬದಿಗಿಟ್ಟು, ಉಸಿರು ಹಿಡಿತಕ್ಕೆ ತಂದು, ಒಂದೇ ಚುಕ್ಕೆಯ ಮೇಲೆ ಮನಸ್ಸು ನಿಲ್ಲಿಸುವ ಅವಕಾಶ ಸಾಕು. ಅದಕ್ಕೆ ತೆರುವ ಹಣವನ್ನು ನಾನು ನಷ್ಟವೆಂದು ಬರೆಯುವುದಿಲ್ಲ. ಮನೆಯ ಬಜೆಟ್ಟಿನಲ್ಲಿ ಆರೋಗ್ಯದ ಬಾಬ್ತಿನಲ್ಲೇ ಅದನ್ನು ಸೇರಿಸಿದ್ದೇನೆ. ನೀವೂ ಹಾಗೆ ಸೇರಿಸಿ, ರೈಫಲ್‌ಗಾಗಿ ಪ್ರತಿ ತಿಂಗಳು ಬೇರೆಯಾಗಿ ಒಂದಿಷ್ಟು ಎತ್ತಿಡಿ. ಕ್ಲಬ್ಬಿನ ರೈಫಲ್‌ನಲ್ಲಿ ಒಂದು ವರ್ಷ ಮುಗಿಯುವಷ್ಟರಲ್ಲಿ ನಿಮಗೆ ಬೇಕಾದ ತೂಕ, ಉದ್ದ, ಹಿಡಿಕೆ ಯಾವುದು ಎಂಬುದೂ ಗೊತ್ತಾಗಿರುತ್ತದೆ, ಸಾಲ ಮಾಡದೆ ಕೊಳ್ಳುವ ದಾರಿಯೂ ಅರ್ಧ ಸವೆದಿರುತ್ತದೆ.