ಮೈಸೂರು ಅರಮನೆಗೊಂದು ಪಂಚಾಂಗ

ಮೈಸೂರು ಅರಮನೆಗೆ ಮೊದಲ ಸಲ ಹೊರಟವರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ: ಟಿಕೆಟ್ ಎಷ್ಟು, ಬಾಗಿಲು ಎಷ್ಟು ಹೊತ್ತಿಗೆ ಹಾಕುತ್ತಾರೆ? ಇವಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಈಗ ನಡೆಯುತ್ತಿರುವುದು ಯಾವ ಮಾಸ? ಈ ಕಟ್ಟಡದಲ್ಲಿ ಎಲ್ಲವೂ ಎಲ್ಲ ಕಾಲದಲ್ಲೂ ಕಾಣಸಿಗುವುದಿಲ್ಲ. ಮೇ ತಿಂಗಳ ರಜೆಯಲ್ಲಿ ಹೋದವರಿಗೆ ಚಿನ್ನದ ಸಿಂಹಾಸನ ಸಿಗದು. ಆಶ್ವಯುಜದ ಮೊದಲ ಹತ್ತು ದಿನ ಹೋದವರಿಗೆ ನೆಮ್ಮದಿಯಾಗಿ ನಿಂತು ಗೋಡೆಯ ಚಿತ್ರ ನೋಡಲು ಜಾಗ ಸಿಗದು. ಆದ್ದರಿಂದ ವರ್ಷವಿಡೀ ಅಲ್ಲಿ ಏನೇನು ನಡೆಯುತ್ತದೆ, ಅದರಲ್ಲಿ ಸಾರ್ವಜನಿಕರಿಗೆ ತೆರೆದಿರುವುದು ಯಾವುದು ಎಂದು ಹೊಸಬರಿಗೆ ಒಂದೊಂದಾಗಿ ಹೇಳುವುದು ಈ ಲೇಖನದ ಉದ್ದೇಶ.

ಮೊದಲು ಕಟ್ಟಡದ ಕಥೆ

ಇಂದು ನಾವು ನೋಡುವ ಅರಮನೆ ಬಹಳ ಹಳೆಯದೇನಲ್ಲ. ಇದೇ ಜಾಗದಲ್ಲಿದ್ದ ಮರದ ಅರಮನೆ 1897ರ ಫೆಬ್ರವರಿಯಲ್ಲಿ, ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ, ಬೆಂಕಿಗೆ ಆಹುತಿಯಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ಆಗಿನ್ನೂ ಬಾಲಕ. ಅವರ ಪರವಾಗಿ ಆಡಳಿತ ನೋಡುತ್ತಿದ್ದವರು ತಾಯಿ ವಾಣಿವಿಲಾಸ ಸನ್ನಿಧಾನ. ಅವರು ಹೊಸ ಅರಮನೆಯ ವಿನ್ಯಾಸವನ್ನು ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಗೆ ಒಪ್ಪಿಸಿದರು. 1912ರಲ್ಲಿ ಕೆಲಸ ಮುಗಿದಾಗ ಆಗಿದ್ದ ಖರ್ಚು ಸುಮಾರು 41 ಲಕ್ಷ ರೂಪಾಯಿ. ಒಮ್ಮೆ ಬೆಂಕಿಯಲ್ಲಿ ಬೆಂದ ಅನುಭವ ಹೊಸ ಕಟ್ಟಡದಲ್ಲಿ ಎದ್ದು ಕಾಣುತ್ತದೆ: ಮರಕ್ಕೆ ಬದಲು ಕಲ್ಲು, ಇಟ್ಟಿಗೆ, ಕಬ್ಬಿಣ. ಕಲ್ಯಾಣ ಮಂಟಪದ ಎರಕದ ಕಂಬಗಳು ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದಿಂದ ಬಂದವು.

ಇಷ್ಟೆಲ್ಲ ವೈಭವವಿದ್ದರೂ ಇದು ಮೂಲತಃ ಒಂದು ಮನೆ. ತೊಟ್ಟಿಗಳಿರುವ, ದೇವರ ಕೋಣೆ ಇರುವ, ಮದುವೆಗೆಂದೇ ಮಂಟಪವಿರುವ, ನವರಾತ್ರಿಯಲ್ಲಿ ಗೊಂಬೆ ಕೂರಿಸುವ ಮನೆ. ಒಳಗೆ ಹೋದವರಿಗೆ ಮೊದಲು ಎದುರಾಗುವ ಜಾಗದ ಹೆಸರೇ ಗೊಂಬೆ ತೊಟ್ಟಿ. ರಾಜವಂಶಸ್ಥರು ಇಂದಿಗೂ ಅರಮನೆಯ ಒಂದು ಭಾಗದಲ್ಲಿ ವಾಸವಾಗಿದ್ದಾರೆ. ಉಳಿದ ಭಾಗ ವಸ್ತುಸಂಗ್ರಹಾಲಯದಂತೆ ಜನರಿಗೆ ತೆರೆದಿದೆ, ಅದರ ನಿರ್ವಹಣೆ ಅರಮನೆ ಮಂಡಳಿಯದು. ಕೋಟೆಯ ಒಳಗಿನ ದೇವಸ್ಥಾನಗಳಲ್ಲಿ ನಿತ್ಯ ಪೂಜೆ ನಡೆಯುತ್ತದೆ. ದಸರಾ ಬಂದರೆ ರಾಜ್ಯ ಸರ್ಕಾರವೂ ಇಲ್ಲಿಗೆ ಬರುತ್ತದೆ.

ಹೀಗೆ ಒಂದೇ ಕೋಟೆಯೊಳಗೆ ನಾಲ್ವರು ಯಜಮಾನರು: ಮನೆತನ, ಮಂಡಳಿ, ದೇವಸ್ಥಾನ, ಸರ್ಕಾರ. ಹೊಸಬರ ಗೊಂದಲವೆಲ್ಲ ಹುಟ್ಟುವುದು ಇಲ್ಲೇ. ಯಾವುದೇ ಕಾರ್ಯಕ್ರಮದ ಸುದ್ದಿ ಕೇಳಿದಾಗ, ಅದು ಈ ನಾಲ್ವರಲ್ಲಿ ಯಾರದು ಎಂದು ತಿಳಿದುಕೊಂಡರೆ ಅರ್ಧ ಕೆಲಸ ಆದಂತೆ. ನಿಮಗೆ ಪ್ರವೇಶವಿದೆಯೇ, ಪಾಸು ಬೇಕೇ, ಹೊರಗೆ ನಿಂತು ನೋಡುವುದೇ ಎಂಬುದೆಲ್ಲ ಅದರ ಮೇಲೆಯೇ ನಿಂತಿದೆ.

ದಸರಾ ಎಂಬ ಎರಡು ಹಬ್ಬ

ದೊಡ್ಡದರಿಂದಲೇ ಶುರು ಮಾಡೋಣ. ಒಡೆಯರ್ ಮನೆತನದ ದಸರಾ ಆಚರಣೆ 1610ರಲ್ಲಿ ಶ್ರೀರಂಗಪಟ್ಟಣದಲ್ಲಿ, ರಾಜ ಒಡೆಯರ್ ಕಾಲದಲ್ಲಿ, ಆರಂಭವಾದದ್ದು. ಇಂದು ಒಂದೇ ಹೆಸರಿನಲ್ಲಿ ನಡೆಯುವುದು ಎರಡು ಹಬ್ಬ. ಒಂದು ಮನೆತನದ್ದು, ಇನ್ನೊಂದು ಸರ್ಕಾರದ್ದು.

ಮನೆತನದ ದಸರಾ ಸಿಂಹಾಸನದ ಜೋಡಣೆಯಿಂದ ಆರಂಭವಾಗುತ್ತದೆ. ಚಿನ್ನದ ಸಿಂಹಾಸನವನ್ನು ವರ್ಷವಿಡೀ ಬಿಡಿಭಾಗಗಳಾಗಿ ಭದ್ರತಾ ಕೊಠಡಿಯಲ್ಲಿ ಇಟ್ಟಿರುತ್ತಾರೆ. ನವರಾತ್ರಿಗೆ ಕೆಲವು ದಿನ ಮೊದಲು ಶುಭ ಮುಹೂರ್ತ ನೋಡಿ ಅವನ್ನು ಹೊರತೆಗೆದು ಜೋಡಿಸುತ್ತಾರೆ. ಈ ಕೆಲಸ ಬಲ್ಲವರು ಮೈಸೂರಿಗೆ ಹತ್ತಿರದ ಗೆಜ್ಜಗಳ್ಳಿ ಗ್ರಾಮದವರು. ಪಾಡ್ಯದ ದಿನ ಕಂಕಣ ಕಟ್ಟಿಸಿಕೊಂಡ ರಾಜವಂಶಸ್ಥರು ಸಿಂಹಾಸನ ಏರಿ ಖಾಸಗಿ ದರ್ಬಾರ್ ನಡೆಸುತ್ತಾರೆ. 2015ರಿಂದ ಯದುವೀರ ಕೃಷ್ಣದತ್ತ ಚಾಮರಾಜ ಒಡೆಯರ್ ಇದನ್ನು ನಡೆಸಿಕೊಂಡು ಬರುತ್ತಿದ್ದಾರೆ. ಅವರಿಗೆ ಮೊದಲು ದರ್ಬಾರ್ ನಡೆಸುತ್ತಿದ್ದ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ 2013ರ ಡಿಸೆಂಬರಿನಲ್ಲಿ ತೀರಿಕೊಂಡ ಮೇಲೆ ಬಂದ ದಸರಾದಲ್ಲಿ ಪೀಠ ಏರುವವರು ಇರಲಿಲ್ಲ. ಆ ವರ್ಷ ಸಿಂಹಾಸನದ ಮೇಲೆ ಪಟ್ಟದ ಕತ್ತಿಯನ್ನಿಟ್ಟು ವಿಧಿಗಳನ್ನು ನೆರವೇರಿಸಿದರು.

ಹೆಸರೇ ಹೇಳುವಂತೆ ಖಾಸಗಿ ದರ್ಬಾರ್‌ಗೆ ಆಹ್ವಾನಿತರಿಗೆ ಮಾತ್ರ ಪ್ರವೇಶ. ದರ್ಬಾರ್ ಇಲ್ಲದ ಹೊತ್ತಿನಲ್ಲಿ ಜೋಡಿಸಿದ ಸಿಂಹಾಸನವನ್ನು ಸಾರ್ವಜನಿಕರಿಗೆ ಪ್ರತ್ಯೇಕ ಟಿಕೆಟ್ ಮೇಲೆ ತೋರಿಸುವುದುಂಟು. ಆದರೆ ಪಾಡ್ಯದ ಬೆಳಗ್ಗೆ, ಆಯುಧಪೂಜೆ ಮತ್ತು ವಿಜಯದಶಮಿಯಂದು ಪ್ರವಾಸಿಗರಿಗೆ ಅರಮನೆಯ ಒಳಗೆ ನಿರ್ಬಂಧವಿರುತ್ತದೆ. ಆಯುಧಪೂಜೆಯ ದಿನ ಪಟ್ಟದ ಕತ್ತಿಗೆ, ಪಟ್ಟದ ಆನೆ, ಕುದುರೆ, ಹಸುವಿಗೆ ಪೂಜೆ. ದಶಮಿಯ ಬೆಳಗ್ಗೆ ಅರಮನೆಯ ಅಂಗಳದಲ್ಲಿ ಜೆಟ್ಟಿಗಳ ವಜ್ರಮುಷ್ಟಿ ಕಾಳಗ. ಒಬ್ಬ ಜೆಟ್ಟಿಯ ತಲೆಯಿಂದ ರಕ್ತ ಚಿಮ್ಮಿದರೆ ಕಾಳಗ ಮುಗಿಯಿತು. ಅದಾದ ಮೇಲೆ ಕೋಟೆಯೊಳಗಿನ ಭುವನೇಶ್ವರಿ ದೇವಸ್ಥಾನಕ್ಕೆ ವಿಜಯಯಾತ್ರೆ, ಅಲ್ಲಿ ಬನ್ನಿ ಪೂಜೆ.

ಸರ್ಕಾರದ ದಸರಾ ಉದ್ಘಾಟನೆಯಾಗುವುದು ಚಾಮುಂಡಿ ಬೆಟ್ಟದ ಮೇಲೆ. ಸಂಜೆಯ ಸಂಗೀತ, ನೃತ್ಯಗಳಿಗೆ ಅರಮನೆಯ ಮುಂದಿನ ಬಯಲಿನಲ್ಲಿ ವೇದಿಕೆ. ಹೊಸಬರು ದಸರಾದಲ್ಲಿ ಒಂದೇ ಒಂದು ಸಂಜೆ ಕಳೆಯುವುದಾದರೆ ನಾನು ಹೇಳುವುದು ಈ ಸಂಗೀತ ಕಛೇರಿಗಳನ್ನೇ. ದೀಪ ಹೊತ್ತಿದ ಅರಮನೆಯ ಎದುರು ಕೂತು ಒಳ್ಳೆಯ ಸಂಗೀತ ಕೇಳುವ ಅವಕಾಶ ಬೇರೆ ಕಾಲದಲ್ಲಿ ಸುಲಭಕ್ಕೆ ಸಿಗುವುದಿಲ್ಲ.

ವಿಜಯದಶಮಿಯ ಜಂಬೂ ಸವಾರಿ ಕೂಡ ಸರ್ಕಾರದ್ದೇ. ಹಿಂದೆ ಅಂಬಾರಿಯಲ್ಲಿ ಮಹಾರಾಜರೇ ಕೂರುತ್ತಿದ್ದರು. ರಾಜಧನ ರದ್ದಾದ 1970ರ ದಶಕದಿಂದೀಚೆಗೆ ಅಲ್ಲಿ ಚಾಮುಂಡೇಶ್ವರಿಯ ಉತ್ಸವಮೂರ್ತಿ. ಬಲರಾಮ ದ್ವಾರದ ಬಳಿ ನಂದಿಧ್ವಜಕ್ಕೆ ಪೂಜೆ, ಅಂಬಾರಿಯ ದೇವಿಗೆ ಪುಷ್ಪಾರ್ಚನೆ, 21 ಕುಶಾಲತೋಪು. ಆಮೇಲೆ ಮೆರವಣಿಗೆ ಸುಮಾರು ಐದು ಕಿಲೋಮೀಟರ್ ದೂರದ ಬನ್ನಿಮಂಟಪದತ್ತ ಹೊರಡುತ್ತದೆ. ಕೋವಿಡ್ ಕಾಡಿದ 2020 ಮತ್ತು 2021ರಲ್ಲಿ ಮಾತ್ರ ಸವಾರಿ ಕೋಟೆಯ ಆವರಣ ದಾಟಲಿಲ್ಲ. ಅರಮನೆಯ ಮುಂದಿನ ಆಸನಗಳಿಗೆ ಪಾಸು ಇಲ್ಲವೇ ಗೋಲ್ಡ್ ಕಾರ್ಡ್ ಬೇಕು. ಅದಿಲ್ಲದವರು ಸಯ್ಯಾಜಿರಾವ್ ರಸ್ತೆಯ ಅಂಚಿನಲ್ಲಿ ಬೆಳಗ್ಗೆಯೇ ಜಾಗ ಹಿಡಿಯುತ್ತಾರೆ.

ದಸರೆಗೆ ಮುಂಚಿನ ಎರಡು ತಿಂಗಳು

ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ದಸರೆಗಿಂತ ಅದರ ಹಿಂದಿನ ವಾರಗಳೇ ಮೇಲು. ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಲ್ಲಿ ಗಜಪಯಣಕ್ಕೆ ಚಾಲನೆ ಸಿಗುತ್ತದೆ. ಕಾಡಂಚಿನ ಶಿಬಿರಗಳ ಆನೆಗಳು ಮೈಸೂರಿಗೆ ಬಂದು ಅರಮನೆಯ ಆವರಣದಲ್ಲೇ ಬೀಡುಬಿಡುತ್ತವೆ. ಮಾವುತರು, ಕಾವಾಡಿಗಳು, ಅವರ ಹೆಂಡತಿ ಮಕ್ಕಳು ಎಲ್ಲರೂ ಜೊತೆಗೆ ಬರುತ್ತಾರೆ, ಆ ಮಕ್ಕಳಿಗಾಗಿ ಅಲ್ಲೇ ತಾತ್ಕಾಲಿಕ ಶಾಲೆಯೂ ನಡೆಯುತ್ತದೆ.

ಆನೆಗಳ ತಾಲೀಮಿಗೆ ಒಂದು ಕ್ರಮವಿದೆ. ಬಂದ ಕೂಡಲೇ ತೂಕ ಹಾಕುತ್ತಾರೆ. ಮೊದಲು ಬರಿಬೆನ್ನಿನಲ್ಲಿ ಬನ್ನಿಮಂಟಪದವರೆಗೆ ನಡಿಗೆ. ಬಳಿಕ ಬೆನ್ನ ಮೇಲೆ ಮರಳಿನ ಮೂಟೆ, ದಿನ ಕಳೆದಂತೆ ಹೆಚ್ಚು ಭಾರ. ಕೊನೆಗೆ ಮರದ ಅಂಬಾರಿ. ಚಿನ್ನದ ಅಂಬಾರಿ ಸುಮಾರು 750 ಕಿಲೋ ತೂಗುವುದರಿಂದ ಈ ಅಭ್ಯಾಸವಿಲ್ಲದೆ ಆಗದು. ನಡುವೆ ಫಿರಂಗಿ ಸಿಡಿಸಿ ಸದ್ದಿಗೂ ಆನೆ, ಕುದುರೆಗಳನ್ನು ಒಗ್ಗಿಸುತ್ತಾರೆ. 1999ರಿಂದ 2011ರವರೆಗೆ ಬಲರಾಮ, 2012ರಿಂದ 2019ರವರೆಗೆ ಅರ್ಜುನ ಅಂಬಾರಿ ಹೊತ್ತವು. 2020ರಲ್ಲಿ ಆ ಹೊಣೆ ಅಭಿಮನ್ಯುವಿಗೆ ಬಂತು. ತಾಲೀಮಿನ ನಡಿಗೆ ನೋಡಲು ಟಿಕೆಟ್ ಬೇಡ, ಪಾಸೂ ಬೇಡ. ಬೆಳಗ್ಗೆ ಬೇಗ ಎದ್ದು ರಸ್ತೆಬದಿಯಲ್ಲಿ ನಿಂತರೆ ಸಾಕು.

ದೇವಸ್ಥಾನಗಳ ದಿನಗಳು

ಕೋಟೆಯೊಳಗಿನ ದೇವಸ್ಥಾನಗಳ ಕಡೆ ಪ್ರವಾಸಿಗರ ಗಮನ ಹೋಗುವುದು ಕಡಿಮೆ. ಊರಿನವರು ಮಾತ್ರ ಅವುಗಳ ಹಬ್ಬಗಳನ್ನು ಮರೆಯುವುದಿಲ್ಲ. ತ್ರಿನೇಶ್ವರಸ್ವಾಮಿ ದೇವಸ್ಥಾನದಲ್ಲಿ ಮಹಾಶಿವರಾತ್ರಿಯಂದು ಲಿಂಗಕ್ಕೆ ಚಿನ್ನದ ಕೊಳಗ ತೊಡಿಸುತ್ತಾರೆ. ಸುಮಾರು 11 ಕಿಲೋ ತೂಕದ ಈ ಮುಖವಾಡ ಜಯಚಾಮರಾಜ ಒಡೆಯರ್ ಅರ್ಪಿಸಿದ್ದು. ಇದೂ ಸಿಂಹಾಸನದಂತೆಯೇ ಉಳಿದ ಕಾಲದಲ್ಲಿ ಖಜಾನೆಯಲ್ಲಿರುತ್ತದೆ. ಸಿಂಹಾಸನಕ್ಕೂ ಇದಕ್ಕೂ ಒಂದು ವ್ಯತ್ಯಾಸವಿದೆ: ಕೊಳಗ ನೋಡಲು ಯಾರ ಆಹ್ವಾನವೂ ಬೇಕಿಲ್ಲ, ಸರದಿಯಲ್ಲಿ ನಿಂತವರಿಗೆಲ್ಲ ದರ್ಶನ. ಹಾಗೆಯೇ ಪ್ರಸನ್ನ ಕೃಷ್ಣಸ್ವಾಮಿ ದೇವಸ್ಥಾನದಲ್ಲಿ ಕೃಷ್ಣಾಷ್ಟಮಿ, ಲಕ್ಷ್ಮೀರಮಣಸ್ವಾಮಿ ದೇವಸ್ಥಾನದಲ್ಲಿ ವೈಕುಂಠ ಏಕಾದಶಿ. ಈ ದಿನಗಳಲ್ಲಿ ಹೋದರೆ ಕೋಟೆಯಲ್ಲಿ ಪ್ರವಾಸಿಗರಿಗಿಂತ ಭಕ್ತರೇ ಹೆಚ್ಚು ಕಾಣುತ್ತಾರೆ.

ಕ್ಯಾಲೆಂಡರ್ ನೋಡಿ ಬರುವ ಹಬ್ಬ

ಇಲ್ಲಿಯವರೆಗೆ ಹೇಳಿದ್ದೆಲ್ಲ ಪಂಚಾಂಗದ ಲೆಕ್ಕ. ಅದಕ್ಕೇ ಪ್ರತಿವರ್ಷ ತಾರೀಖು ಹಿಂದುಮುಂದಾಗುತ್ತದೆ. ಅಧಿಕಮಾಸ ಬಂದರೆ ದಸರಾ ಅಕ್ಟೋಬರ್ ಕೊನೆಯವರೆಗೂ ಜಾರಬಹುದು. ರೈಲು, ಹೋಟೆಲು ಕಾದಿರಿಸುವ ಮುನ್ನ ಆ ವರ್ಷದ ಪಂಚಾಂಗ ನೋಡಿಕೊಳ್ಳಿ. ಅರಮನೆ ಮಂಡಳಿಯ ಕಾರ್ಯಕ್ರಮಗಳಲ್ಲಿ ಕೆಲವು ಮಾತ್ರ ಇಂಗ್ಲಿಷ್ ತಾರೀಖಿಗೆ ಕಟ್ಟುಬಿದ್ದವು. ಅವುಗಳಲ್ಲಿ ಮುಖ್ಯವಾದದ್ದು ಕ್ರಿಸ್‌ಮಸ್ ಮತ್ತು ಹೊಸ ವರ್ಷದ ಸಮಯದ ಫಲಪುಷ್ಪ ಪ್ರದರ್ಶನ. ಮಾಗಿಯ ಚಳಿಯಲ್ಲಿ ಅರಮನೆಯ ಉದ್ಯಾನ ಹೂವಿನಿಂದ ತುಂಬುತ್ತದೆ, ಸಂಜೆ ಸಂಗೀತ ಇರುತ್ತದೆ, ಡಿಸೆಂಬರ್ 31ರ ರಾತ್ರಿ ಪೊಲೀಸ್ ಬ್ಯಾಂಡ್ ಮತ್ತು ಬಾಣಬಿರುಸು. ದಸರೆಯ ನೂಕುನುಗ್ಗಲು ಒಗ್ಗದವರಿಗೆ ಇದು ಒಳ್ಳೆಯ ಕಾಲ.

ದೀಪಾಲಂಕಾರದ ವಿಷಯ ಎಲ್ಲರೂ ಕೇಳುವುದರಿಂದ ಹೇಳಿಬಿಡುತ್ತೇನೆ. ಮೈಸೂರು ನಗರಕ್ಕೆ ವಿದ್ಯುತ್ ದೀಪ ಬಂದದ್ದು 1908ರಲ್ಲಿ, ಅರಮನೆ ಇನ್ನೂ ಏಳುತ್ತಿದ್ದಾಗ. ಇಂದು ಕಟ್ಟಡ, ದ್ವಾರ, ಕೋಟೆ ಎಲ್ಲ ಸೇರಿ ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬುಗಳಿವೆ. ಭಾನುವಾರ ಮತ್ತು ಸರ್ಕಾರಿ ರಜಾದಿನಗಳ ಸಂಜೆ ಇವು ಸ್ವಲ್ಪ ಹೊತ್ತು ಬೆಳಗುತ್ತವೆ, ದಸರಾದ ದಿನಗಳಲ್ಲಿ ಪ್ರತಿ ಸಂಜೆ ಬೆಳಗುತ್ತವೆ. ದೀಪ ಹೊತ್ತುವ ಕ್ಷಣವನ್ನೇ ನೋಡಬೇಕೆಂದಿದ್ದರೆ ಏಳು ಗಂಟೆಗೆ ಮೊದಲೇ ಒಳಗಿರಿ.

ಹಾಗಾದರೆ ಯಾವಾಗ ಹೋಗುವುದು?

ಇದೇ ಮೊದಲ ಭೇಟಿಯಾದರೆ ದಸರಾ ಬೇಡ. ಯಾವ ವಿಶೇಷವೂ ಇಲ್ಲದ ವಾರದ ನಡುವಿನ ಒಂದು ಬೆಳಗ್ಗೆ, ಬಾಗಿಲು ತೆರೆಯುವ ಹೊತ್ತಿಗೆ ಹೋಗಿ. ದಕ್ಷಿಣದ ವರಾಹ ದ್ವಾರದಲ್ಲಿ ಟಿಕೆಟ್ ಕೊಂಡು, ಚಪ್ಪಲಿ ಬಿಟ್ಟು, ಗೊಂಬೆ ತೊಟ್ಟಿಯಿಂದ ನಿಧಾನವಾಗಿ ನಡೆಯಿರಿ. ಕಲ್ಯಾಣ ಮಂಟಪದ ಗೋಡೆಗಳ ಮೇಲೆ ಹಿಂದಿನ ದಸರಾ ಮೆರವಣಿಗೆಯ ಸಾಲು ಚಿತ್ರಗಳಿವೆ. ಕುದುರೆ ಸವಾರರು, ವಾದ್ಯದವರು, ಅಂಬಾರಿ, ನೋಡಲು ನೆರೆದ ಜನ ಎಲ್ಲರೂ ಅಲ್ಲಿದ್ದಾರೆ. ಅವನ್ನು ಒಂದೊಂದಾಗಿ ನೋಡಲು ಅರ್ಧ ಗಂಟೆಯಾದರೂ ಕೊಡಿ. ಮೆರವಣಿಗೆಯ ಕ್ರಮ ಆಗ ನಿಮಗೆ ಅರ್ಥವಾಗಿರುತ್ತದೆ.

ಎರಡನೆಯ ಭೇಟಿ ಹಬ್ಬಕ್ಕಿರಲಿ. ಸಂಗೀತ ಬೇಕಾದವರು ನವರಾತ್ರಿಯ ಸಂಜೆ, ಮಕ್ಕಳಿರುವವರು ಆನೆಗಳ ತಾಲೀಮಿನ ವಾರಗಳು, ಹೂವು ಬೇಕಾದವರು ಡಿಸೆಂಬರ್ ಕೊನೆ, ದರ್ಶನ ಬೇಕಾದವರು ಶಿವರಾತ್ರಿ ಆರಿಸಿಕೊಳ್ಳಲಿ. ಹೊರಡುವ ಮುನ್ನ ಆ ವರ್ಷದ ವೇಳಾಪಟ್ಟಿಯನ್ನು ಪತ್ರಿಕೆಗಳಲ್ಲೋ ಅರಮನೆ ಮಂಡಳಿಯ ಪ್ರಕಟಣೆಯಲ್ಲೋ ಒಮ್ಮೆ ಖಚಿತ ಮಾಡಿಕೊಳ್ಳಿ. ಒಳಗೆ ಪ್ರವೇಶವಿಲ್ಲ ಎಂದು ಯಾರಾದರೂ ತಡೆದರೆ ಸಿಟ್ಟಾಗಬೇಡಿ. ಆ ದಿನ ಅದು ವಸ್ತುಸಂಗ್ರಹಾಲಯವಲ್ಲ, ಒಬ್ಬರ ಮನೆ. ಮನೆಯವರ ಪೂಜೆ ಮುಗಿದ ಮೇಲೆ ಬಾಗಿಲು ಮತ್ತೆ ತೆರೆಯುತ್ತದೆ.