ವಿಧವೆಯರ ಒಕ್ಕಲುತನ

ಗಂಡನು ತೀರಿದ ಮೇಲೆ ಹೊಲವು ಮೈದುನರ ಕೈಸೇರಿದರೆ ಹೆಂಡತಿಯು ತನ್ನ ಹೊಲದಲ್ಲಿಯೇ ಕೂಲಿಯಾಳಾಗುವಳು. 1956ನೆಯ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ, ಮೃತ್ಯುಪತ್ರವಿಲ್ಲದೆ ತೀರಿದವನ ಪತ್ನಿಯು ಮಕ್ಕಳೊಡನೆಯೂ ಅತ್ತೆಯೊಡನೆಯೂ ಮೊದಲ ವರ್ಗದ ವಾರಸುದಾರಳು. ಆದುದರಿಂದ ಊರ ಹಿರಿಯರು ಮೊದಲು ಪೌತಿ ಖಾತೆ ಮಾಡಿಸಿ, ಪಹಣಿಯಲ್ಲಿ ಅವಳ ಹೆಸರು ಬರೆಯಿಸತಕ್ಕದ್ದು. ಹೆಸರಿಲ್ಲದವಳಿಗೆ ಬೆಳೆಸಾಲವು ದೊರೆಯುವದು ದುಸ್ತರ.

ತುಂಗಭದ್ರೆಯ ಕಾಲುವೆ ನೀರುಂಡ ಗಂಗಾವತಿಯ ಗದ್ದೆಯ ಮಾತು ಬೇರೆ. ಕೊಪ್ಪಳ, ಕುಷ್ಟಗಿ, ಯಲಬುರ್ಗಾಗಳ ಮಳೆಯಾಶ್ರಿತ ಹೊಲದಲ್ಲಿ ಎರಡು ಸಾಲು ಸಜ್ಜೆಗೆ ಒಂದು ಸಾಲು ತೊಗರಿ ಬಿತ್ತಬೇಕು. ಸಜ್ಜೆಯು ಮೂರು ತಿಂಗಳಿಗೆ ಕಾಳನ್ನೂ ಮೇವನ್ನೂ ಕೊಡುವದು. ತೊಗರಿಯು ಬೇರನ್ನು ಆಳಕ್ಕಿಳಿಸಿ, ಉಳಿದ ತೇವದಿಂದ ಬೆಳೆದು ರೊಕ್ಕ ತರುವದು. ಬದುವಿಗೆ ನುಗ್ಗೆ, ಮನೆಗೆರಡು ಆಡುಗಳಿರಲಿ.

ಎತ್ತು ಕೂರಿಗೆಗಳಿಲ್ಲದೆ ಅವಳ ಬಿತ್ತಿಗೆಯು ತಡವಾಗುವದು. ಹದ ಆರುವದರೊಳಗೆ ನೆರೆಯವರು ಒಂದು ಹೊತ್ತು ಕೂರಿಗೆ ಕೊಟ್ಟರೆ, ಅದು ಧಾನ್ಯದಾನಕ್ಕಿಂತ ಮಿಗಿಲಾದ ನೆರವು.