ಕೋಳಿಗಳ ನೀರು ಹಿಕ್ಕೆ: ಕುಡಿಯುವ ನೀರು ನಿಲ್ಲಿಸಬೇಡಿ, ಕಾರಣ ಹುಡುಕಿ

ಹಿತ್ತಿಲಿನಲ್ಲಿ ಐದು-ಹತ್ತು ಕೋಳಿ ಸಾಕುವುದು ಯಾದಗಿರಿ ತಾಲ್ಲೂಕಿನ ಕಡೇಚೂರು ಮತ್ತು ಸುತ್ತಲಿನ ಊರುಗಳಲ್ಲಿ ಹಿಂದಿನಿಂದ ಬಂದ ಉಪಕಸಬು. ಮೊಟ್ಟೆ ಮಾರಿದ ಹಣ ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳ ಕೈಗೆ ಬಂದು ಸಂತೆಯ ಖರ್ಚಿಗೆ ಒದಗುತ್ತದೆ. ಹೀಗಿರುವಾಗ ಕೋಳಿಗಳು ನೀರಿನಂತೆ ಹಿಕ್ಕೆ ಹಾಕತೊಡಗಿದರೆ ಮನೆಯವರಿಗೆ ಗಾಬರಿಯಾಗುವುದು ಸಹಜ. ಆದರೆ ಅನೇಕ ವೇಳೆ ಆ ಕೋಳಿಗಳು ಎಂದಿನಂತೆ ಮೇಯುತ್ತಿರುತ್ತವೆ, ತಿಪ್ಪೆ ಕೆದಕುತ್ತಿರುತ್ತವೆ, ಮೊಟ್ಟೆಯನ್ನೂ ಇಡುತ್ತಿರುತ್ತವೆ. ಹಿಕ್ಕೆ ಮಾತ್ರ ತೆಳ್ಳಗೆ.

ಇಂಥ ಸಂದರ್ಭದಲ್ಲಿ ಮೂರು ತಪ್ಪುಗಳು ನಡೆಯುತ್ತವೆ. ಮೊದಲನೆಯದು, ನೀರು ಕುಡಿದದ್ದು ಹೆಚ್ಚಾಯಿತೆಂದು ನೀರಿನ ಪಾತ್ರೆಯನ್ನೇ ತೆಗೆದಿಡುವುದು. ಎರಡನೆಯದು, ಮನುಷ್ಯರ ಭೇದಿ ಮಾತ್ರೆಯನ್ನು ಅರೆದು ಕುಡಿಸುವುದು. ಮೂರನೆಯದು, ರೋಗ ಬಂತೆಂದು ಹೆದರಿ ಸಿಕ್ಕ ಬೆಲೆಗೆ ಕೋಳಿ ಮಾರುವುದು. ಇವುಗಳಲ್ಲಿ ಮೊದಲನೆಯದು ಬೇಸಿಗೆಯಲ್ಲಿ ಕೋಳಿಯ ಜೀವವನ್ನೇ ತೆಗೆಯಬಲ್ಲದು. ಆರೋಗ್ಯವಾಗಿರುವ ಕೋಳಿಯ ನೀರು ಹಿಕ್ಕೆಗೆ ಸಾಮಾನ್ಯವಾಗಿ ಬಿಸಿಲು, ಉಪ್ಪು ಅಥವಾ ಸವಳು ನೀರು ಕಾರಣವಾಗಿರುತ್ತದೆ. ಇವು ಮೂರನ್ನೂ ಮನೆಯಲ್ಲಿಯೇ, ಖರ್ಚಿಲ್ಲದೆ ಪರೀಕ್ಷಿಸಬಹುದು.

ಸರಿಯಾದ ಹಿಕ್ಕೆ ಹೇಗಿರುತ್ತದೆ?

ಕೋಳಿಗೆ ಮೂತ್ರಕೋಶವಿಲ್ಲ. ಮಲ ಮತ್ತು ಮೂತ್ರ ಎರಡೂ ಒಂದೇ ದ್ವಾರದಿಂದ ಹೊರಬರುತ್ತವೆ. ಹಿಕ್ಕೆಯ ಕಂದು ಅಥವಾ ಹಸಿರು ಮಿಶ್ರಿತ ಗಟ್ಟಿ ಭಾಗವು ಮಲ. ಮೇಲೆ ಸುಣ್ಣ ಬಳಿದಂತೆ ಕಾಣುವ ಬಿಳಿ ಭಾಗವು ಮೂತ್ರದ ಯೂರಿಕ್ ಆಮ್ಲ. ಈ ಬಿಳುಪನ್ನು ಕಂಡು ಅಂಜಬೇಕಾಗಿಲ್ಲ. ಗಟ್ಟಿಯಾಗಿ ಕಾಣುವ ಹಿಕ್ಕೆಯಲ್ಲಿಯೂ ಸುಮಾರು ಮುಕ್ಕಾಲು ಪಾಲು ನೀರೇ ಇರುತ್ತದೆ. ಇದಲ್ಲದೆ ದಿನದಲ್ಲಿ ಕೆಲವು ಸಲ ಕೋಳಿಯು ಕಡುಕಂದು ಬಣ್ಣದ, ಅಂಟಾದ, ಬಹಳ ನಾರುವ ಹಿಕ್ಕೆಯನ್ನು ಹಾಕುತ್ತದೆ. ಇದು ಕುರುಡುಗರುಳಿನಿಂದ ಬರುವಂಥದು. ಇದೂ ರೋಗವಲ್ಲ. ಕಾವಿಗೆ ಕೂತ ಹೇಟೆಯು ದಿನಕ್ಕೆ ಒಂದೆರಡು ಸಲ ಮಾತ್ರ ಎದ್ದು ದೊಡ್ಡ ಮುದ್ದೆಯಾಗಿ ಹಿಕ್ಕೆ ಹಾಕುವುದೂ ಸಹಜವೇ.

ನೀರು ಹಿಕ್ಕೆ ಬೇರೆ, ಭೇದಿ ಬೇರೆ

ರಾತ್ರಿ ಕೋಳಿಗಳು ಕೂರುವ ಜಾಗದ ಕೆಳಗೆ ಹಳೆಯ ಸುದ್ದಿಪತ್ರಿಕೆ ಹಾಸಬೇಕು. ಬೆಳಗ್ಗೆ ನೋಡಿದಾಗ ಹಿಕ್ಕೆಯ ಮುದ್ದೆ ತನ್ನ ಆಕಾರದಲ್ಲಿಯೇ ಇದ್ದು, ಸುತ್ತಲೂ ತಿಳಿನೀರು ಹರಡಿ ಕಾಗದ ಒದ್ದೆಯಾಗಿದ್ದರೆ ಅದು ನೀರು ಹಿಕ್ಕೆ. ಅಂದರೆ ಕರುಳು ಸರಿಯಾಗಿದೆ, ಮೂತ್ರಪಿಂಡವು ಹೆಚ್ಚಾದ ನೀರನ್ನು ಹೊರಹಾಕುತ್ತಿದೆ. ಮುದ್ದೆಯೇ ಕರಗಿ, ಮಲ ಮತ್ತು ನೀರು ಕಲಸಿಹೋಗಿ, ಲೋಳೆ, ನೊರೆ ಅಥವಾ ರಕ್ತ ಕಂಡರೆ ಅದು ಭೇದಿ. ಮೊದಲನೆಯದಕ್ಕೆ ಕಾರಣ ಹುಡುಕಬೇಕು. ಎರಡನೆಯದಕ್ಕೆ ಪಶುವೈದ್ಯರನ್ನು ಕಾಣಬೇಕು.

ಮೊದಲ ಕಾರಣ: ಬಿಸಿಲು

ಕೋಳಿಯ ಮೈಬಿಸಿ 41ರಿಂದ 42 ಡಿಗ್ರಿ ಸೆಲ್ಸಿಯಸ್. ಅದಕ್ಕೆ ಬೆವರುವ ಗ್ರಂಥಿಗಳಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಈ ಭಾಗದ ಹೊರಗಿನ ಬಿಸಿಯೇ 40 ಡಿಗ್ರಿ ದಾಟಿದಾಗ ಕೋಳಿಯ ಮೈಯ ಶಾಖವು ಗಾಳಿಗೆ ಹೋಗುವ ದಾರಿ ಮುಚ್ಚಿದಂತೆಯೇ. ಉಳಿಯುವ ಉಪಾಯ ಒಂದೇ: ಕೊಕ್ಕು ತೆರೆದು ತೇಕುವುದು. ತೇಕಿದಷ್ಟೂ ನೀರು ಆವಿಯಾಗುತ್ತದೆ, ಆವಿಯಾದಷ್ಟೂ ಕೋಳಿ ನೀರು ಕುಡಿಯುತ್ತದೆ. ತಂಪು ಹವೆಯಲ್ಲಿ ತಿಂದ ಮೇವಿನ ಸುಮಾರು ಎರಡರಷ್ಟು ನೀರು ಕುಡಿಯುವ ಕೋಳಿ, ಕಡು ಬಿಸಿಲಿನಲ್ಲಿ ಮೇವು ಕಡಿಮೆ ಮಾಡಿ ಅದರ ನಾಲ್ಕರಷ್ಟು ಅಥವಾ ಇನ್ನೂ ಹೆಚ್ಚು ನೀರು ಕುಡಿಯುತ್ತದೆ. ಹೆಚ್ಚಾದ ನೀರು ಹಿಕ್ಕೆಯೊಡನೆ ಹೊರಬರುತ್ತದೆ. ಇದು ಕೋಳಿ ತನ್ನನ್ನು ಕಾಪಾಡಿಕೊಳ್ಳುವ ರೀತಿ. ಇಂಥ ಹೊತ್ತಿನಲ್ಲಿ ನೀರು ತೆಗೆದಿಟ್ಟರೆ ಕೋಳಿ ಕೆಲವೇ ತಾಸುಗಳಲ್ಲಿ ಸಾಯಬಹುದು. ಗಿರಿರಾಜ, ಸ್ವರ್ಣಧಾರದಂಥ ದಪ್ಪ ಮೈಯ ಕೋಳಿಗಳಿಗೆ ಊರ ನಾಟಿ ಕೋಳಿಗಿಂತ ಬಿಸಿಲಿನ ಬಾಧೆ ಹೆಚ್ಚು.

ಬೆಳಗಿನ ತಂಪಿನಲ್ಲಿ ಗಟ್ಟಿಯಾಗಿದ್ದ ಹಿಕ್ಕೆ ಮಧ್ಯಾಹ್ನ ಮಾತ್ರ ನೀರಾಗುತ್ತಿದ್ದರೆ ಬಿಸಿಲೇ ಕಾರಣವೆಂದು ತಿಳಿಯಬಹುದು.

ಎರಡನೆಯ ಕಾರಣ: ಉಪ್ಪು

ಕೋಳಿಯ ಆಹಾರದಲ್ಲಿ ಉಪ್ಪು ಶೇಕಡಾ 0.3ರಿಂದ 0.5ರಷ್ಟಿದ್ದರೆ ಸಾಕು. ಹತ್ತು ಕೋಳಿಗಳು ದಿನಕ್ಕೆ ಒಂದು ಕಿಲೋ ಆಹಾರ ತಿನ್ನುತ್ತವೆಂದು ಹಿಡಿದರೆ ಎಲ್ಲಕ್ಕೂ ಸೇರಿ ಬೇಕಾಗುವುದು 3ರಿಂದ 5 ಗ್ರಾಂ ಉಪ್ಪು. ಇದು ಒಂದು ಚಹಾ ಚಮಚಕ್ಕಿಂತ ಕಡಿಮೆ. ಉಳಿದ ಸಾರು, ಪಲ್ಯ, ಉಪ್ಪಿನಕಾಯಿ, ಒಣಮೀನು, ಖಾರದ ತಿಂಡಿ ಇವನ್ನು ದಿನವೂ ಕೋಳಿಗಳ ಮುಂದೆ ಚೆಲ್ಲಿದರೆ ಈ ಅಳತೆ ಸುಲಭವಾಗಿ ಮೀರುತ್ತದೆ. ಉಪ್ಪು ಹೆಚ್ಚಾದಾಗ ಬಾಯಾರಿಕೆ ಹೆಚ್ಚುತ್ತದೆ, ಹಿಕ್ಕೆ ನೀರಾಗುತ್ತದೆ. ಮರಿಗಳು ಉಪ್ಪನ್ನು ಇನ್ನೂ ತಾಳಲಾರವು. ಮದುವೆ, ಜಾತ್ರೆಗಳ ಮರುದಿನ ಹಿತ್ತಿಲ ಕೋಳಿಗಳು ನೀರು ಹಿಕ್ಕೆ ಹಾಕಿದರೆ ಮೊದಲು ನೋಡಬೇಕಾದದ್ದು ಎಂಜಲು ಚೆಲ್ಲಿದ ಜಾಗವನ್ನು.

ಮೂರನೆಯ ಕಾರಣ: ಸವಳು ನೀರು

ಯಾದಗಿರಿ ಜಿಲ್ಲೆಯಲ್ಲಿ ಹಲವು ಕಡೆ ಕೊಳವೆಬಾವಿಯ ನೀರು ಸವಳು. ಮನೆಮಂದಿ ಶುದ್ಧ ನೀರಿನ ಘಟಕದಿಂದ ಕೊಡ ತುಂಬಿ ತಂದು ಕುಡಿದು, ಕೋಳಿಗಳಿಗೆ ಬೋರಿನ ನೀರು ಬಿಡುವುದು ರೂಢಿ. ಒಂದು ಲೀಟರಿನಲ್ಲಿ ಕರಗಿದ ಲವಣಗಳು 1000 ಮಿಲಿಗ್ರಾಂ ಒಳಗಿದ್ದರೆ ಆ ನೀರು ಕೋಳಿಗೆ ಒಳ್ಳೆಯದು. 1000ದಿಂದ 3000ದವರೆಗೆ ಕುಡಿಸಬಹುದಾದರೂ ಹಿಕ್ಕೆ ನೀರಾಗಬಹುದು. 3000 ದಾಟಿದ ನೀರು ಕೋಳಿಗೆ ಯೋಗ್ಯವಲ್ಲ. ಬೆಳವಣಿಗೆ ಕುಂದುತ್ತದೆ, ಮೊಟ್ಟೆಯ ಚಿಪ್ಪು ತೆಳುವಾಗುವುದೂ ಉಂಟು. ಬೇಸಿಗೆಯಲ್ಲಿ ಕೋಳಿ ಕುಡಿಯುವ ನೀರು ಇಮ್ಮಡಿಯಾದಾಗ ಅದರೊಡನೆ ಹೊಟ್ಟೆಗೆ ಹೋಗುವ ಲವಣವೂ ಇಮ್ಮಡಿಯಾಗುತ್ತದೆ ಎಂಬುದನ್ನು ಮರೆಯಬಾರದು.

ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆಯೇ ಹೊರತು ಸವಳು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನ ಸವಳು ಹೆಚ್ಚುತ್ತದೆ.

ಇತರ ಕಾರಣಗಳು

ಕಲ್ಲಂಗಡಿ ಸಿಪ್ಪೆ, ಸೌತೆ, ಹಸಿ ಸೊಪ್ಪು ಹೆಚ್ಚು ತಿಂದ ದಿನ ಹಿಕ್ಕೆ ತೆಳ್ಳಗಾಗುತ್ತದೆ. ಮರುದಿನ ತಾನೇ ಸರಿಹೋಗುತ್ತದೆ. ಬೂಷ್ಟು ಹಿಡಿದ ಜೋಳದ ನುಚ್ಚು ಮತ್ತು ಶೇಂಗಾ ಹಿಂಡಿ ಯಕೃತ್ತು, ಮೂತ್ರಪಿಂಡಗಳನ್ನು ಕೆಡಿಸುತ್ತವೆ. ಇಂಥದನ್ನು ಒಣಗಿಸಿ ಹಾಕುವುದೂ ತಪ್ಪು, ಬೂಷ್ಟಿನ ವಿಷ ಒಣಗಿದರೂ ಉಳಿಯುತ್ತದೆ. ಮೊಟ್ಟೆಗೆ ಬಾರದ ಎಳೆಯ ಹೇಟೆಗಳಿಗೆ ಮೊಟ್ಟೆ ಕೋಳಿಯ ಆಹಾರ ಹಾಕಿದರೆ ಅದರಲ್ಲಿರುವ ಹೆಚ್ಚಿನ ಸುಣ್ಣದ ಅಂಶದಿಂದಲೂ ನೀರು ಹಿಕ್ಕೆ ಬರುತ್ತದೆ. ಹತ್ತಿಗೆ ಹೊಡೆಯುವ ಔಷಧಿಯ ಖಾಲಿ ಡಬ್ಬಿಯನ್ನು ಎಷ್ಟು ತೊಳೆದರೂ ಕೋಳಿಯ ನೀರಿಗೆ ಬಳಸಲೇಬಾರದು.

ಮನೆಯಲ್ಲಿ ಮಾಡುವ ಐದು ದಿನಗಳ ಪರೀಕ್ಷೆ

1. ಮೊದಲ ದಿನದಿಂದಲೇ ಉಳಿದ ಅಡುಗೆ, ಉಪ್ಪು-ಖಾರದ ಪದಾರ್ಥ, ಹಣ್ಣಿನ ಸಿಪ್ಪೆಗಳನ್ನು ನಿಲ್ಲಿಸಬೇಕು. ಒಣಗಿದ, ಬೂಷ್ಟಿಲ್ಲದ ಜೋಳ, ನುಚ್ಚು ಅಥವಾ ಎಂದಿನ ಕೋಳಿ ಆಹಾರವನ್ನು ಮಾತ್ರ ಕೊಡಬೇಕು.

2. ನೀರಿನ ಪಾತ್ರೆಯನ್ನು ನೆರಳಿನಲ್ಲಿಟ್ಟು, ದಿನಕ್ಕೆ ಎರಡು ಮೂರು ಸಲ ತಂಪು ನೀರು ತುಂಬಬೇಕು. ಅಗಲ ಬಾಯಿಯ ಮಣ್ಣಿನ ಪಾತ್ರೆ ಉತ್ತಮ. ಮೇವನ್ನು ಬೆಳಗಿನ ಜಾವ ಮತ್ತು ಸಂಜೆಯ ತಂಪಿನಲ್ಲಿ ಹಾಕಬೇಕು. ಗೂಡಿನ ಬಿಸಿಲ ಬದಿಗೆ ಗೋಣಿತಟ್ಟು ಕಟ್ಟಿ ಆಗಾಗ ನೀರು ಚಿಮುಕಿಸಿ, ಗಾಳಿಯಾಡಲು ಬಿಡಬೇಕು.

3. ಎರಡು ದಿನಗಳಲ್ಲಿ ಗುಣ ಕಾಣದಿದ್ದರೆ ಮೂರನೆಯ ದಿನದಿಂದ ಬೋರಿನ ನೀರು ಬಿಟ್ಟು, ಮನೆಯವರು ಕುಡಿಯುವ ಸಿಹಿನೀರನ್ನೇ ಮೂರು ದಿನ ಕೊಡಬೇಕು. ಬೇಸಿಗೆಯಲ್ಲಿ ಹತ್ತು ಕೋಳಿಗಳಿಗೆ ದಿನಕ್ಕೆ ಸುಮಾರು ಐದು ಲೀಟರ್ ಸಾಕಾಗುತ್ತದೆ.

4. ದಿನವೂ ಬೆಳಗ್ಗೆ ಹೊಸ ಕಾಗದ ಹಾಸಿ ಹಿಕ್ಕೆಯನ್ನು ಹೋಲಿಸಿ ನೋಡಬೇಕು.

ಮೊದಲೆರಡು ದಿನಗಳಲ್ಲಿ ಹಿಕ್ಕೆ ಗಟ್ಟಿಯಾದರೆ ಬಿಸಿಲು ಅಥವಾ ಉಪ್ಪು ಕಾರಣ. ಸಿಹಿನೀರು ಕೊಟ್ಟ ಮೇಲೆ ಗಟ್ಟಿಯಾದರೆ ಸವಳು ನೀರು ಕಾರಣ. ಸವಳೇ ಕಾರಣವಾದರೆ ಗ್ರಾಮ ಪಂಚಾಯಿತಿಯ ಮೂಲಕ ಕೊಳವೆಬಾವಿಯ ನೀರಿನ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಪೂರ್ತಿ ಸಿಹಿನೀರು ಒದಗದಿದ್ದರೆ ಅರ್ಧಕ್ಕರ್ಧ ಬೆರೆಸಿದರೂ ಸವಳಿನ ಅಂಶ ತಗ್ಗುತ್ತದೆ.

ಗೂಡಿನ ನೆಲ ಒಣಗಿರಲಿ

ನೀರು ಹಿಕ್ಕೆ ರೋಗವಲ್ಲದಿದ್ದರೂ ಅದು ರೋಗಕ್ಕೆ ದಾರಿ ಮಾಡೀತು. ನೆಲ ಒದ್ದೆಯಾದಲ್ಲಿ ರಕ್ತಭೇದಿ ರೋಗದ ಪರೋಪಜೀವಿ ಬಲಿಯುತ್ತದೆ, ನೊಣ ಹೆಚ್ಚುತ್ತವೆ, ಮೊಟ್ಟೆ ಕೊಳೆಯಾಗುತ್ತದೆ. ಆದ್ದರಿಂದ ಗೂಡಿನಲ್ಲಿ ಭತ್ತದ ಹೊಟ್ಟು ಅಥವಾ ಒಣ ಶೇಂಗಾ ಸಿಪ್ಪೆ ಹರಡಿ, ಒದ್ದೆಯಾದ ಭಾಗವನ್ನು ದಿನವೂ ಎತ್ತಿ ತಿಪ್ಪೆಗೆ ಹಾಕತಕ್ಕದ್ದು.

ತಡ ಮಾಡದೆ ಪಶುವೈದ್ಯರನ್ನು ಕಾಣಬೇಕಾದ ಲಕ್ಷಣಗಳು

ಕೋಳಿ ಮೇವು ಬಿಟ್ಟು, ರೆಕ್ಕೆ ಇಳಿಬಿಟ್ಟು, ಮೂಲೆಯಲ್ಲಿ ತೂಕಡಿಸುತ್ತಿದ್ದರೆ ಅದನ್ನು ಬೇರೆ ಇಡಬೇಕು. ಹಸಿರು ಅಥವಾ ಹಸಿರು ಮಿಶ್ರಿತ ಬಿಳಿ ಭೇದಿಯೊಡನೆ ಉಸಿರಾಟದ ತೊಂದರೆ, ಕತ್ತು ತಿರುಚುವಿಕೆ, ಒಂದರ ಹಿಂದೊಂದು ಸಾವು ಕಂಡರೆ ಅದು ಕೊಕ್ಕರೆ ರೋಗವಿರಬಹುದು. ಇದಕ್ಕೆ ಔಷಧಿಯಿಲ್ಲ, ಮುಂಚಿತವಾಗಿ ಲಸಿಕೆ ಹಾಕಿಸುವುದೊಂದೇ ದಾರಿ. ಹಿಕ್ಕೆಯಲ್ಲಿ ರಕ್ತ ಕಂಡರೆ ರಕ್ತಭೇದಿ ಇರಬಹುದು. ಚೆನ್ನಾಗಿ ತಿಂದರೂ ಮೈ ಬಡಕಲಾದರೆ, ಹಿಕ್ಕೆಯಲ್ಲಿ ಅನ್ನದ ಅಗುಳಿನಂಥ ಬಿಳಿ ತುಣುಕು ಕಂಡರೆ ಜಂತು ಅಥವಾ ಲಾಡಿಹುಳು ಇರಬಹುದು. ಐದು ದಿನಗಳ ಪರೀಕ್ಷೆಯಲ್ಲಿ ಗುಣ ಕಾಣದಿದ್ದರೂ ಹಿಕ್ಕೆಯ ಮಾದರಿಯನ್ನು ಶುಚಿಯಾದ ಡಬ್ಬಿಯಲ್ಲಿ ಪಶು ಆಸ್ಪತ್ರೆಗೆ ಒಯ್ದು ತೋರಿಸಬೇಕು. ಪಶು ಸಂಜೀವಿನಿ ಸಹಾಯವಾಣಿ 1962ಕ್ಕೂ ಕರೆ ಮಾಡಬಹುದು. ಸುರಪುರ ತಾಲ್ಲೂಕಿನ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿಯೂ ರೈತರು ಸಲಹೆ ಕೇಳಬಹುದು.

ವೈದ್ಯರು ಹೇಳದೆ ಆಂಟಿಬಯಾಟಿಕ್ ಔಷಧಿ ಕೊಡಬಾರದು. ಬಿಸಿಲಿನಿಂದ, ಉಪ್ಪಿನಿಂದ ಬಂದ ನೀರು ಹಿಕ್ಕೆಗೆ ಅದರಿಂದ ಏನೂ ಪ್ರಯೋಜನವಿಲ್ಲ; ಔಷಧಿಯ ಅಂಶ ಮಾತ್ರ ಮೊಟ್ಟೆಯ ಮೂಲಕ ಮನೆಯ ಮಕ್ಕಳ ಹೊಟ್ಟೆ ಸೇರುತ್ತದೆ. ವೈದ್ಯರೇ ಕೊಟ್ಟಾಗಲೂ ಎಷ್ಟು ದಿನ ಮೊಟ್ಟೆ ತಿನ್ನಬಾರದೆಂದು ಕೇಳಿ ತಿಳಿಯಬೇಕು.

ಹಿಕ್ಕೆ ನೀರಾಯಿತೆಂದು ಯಾರೇ ಹೇಳಿದರೂ ವಿಸ್ತರಣಾ ಕಾರ್ಯಕರ್ತರು ಮೊದಲು ಕೇಳಬೇಕಾದ ಪ್ರಶ್ನೆಗಳು ಮೂರು: ಕೋಳಿ ಮೇಯುತ್ತಿದೆಯೇ? ನಿನ್ನೆ ಏನು ತಿಂದಿತು? ಯಾವ ನೀರು ಕುಡಿಯುತ್ತಿದೆ? ಉತ್ತರ ಏನೇ ಬರಲಿ, ನೀರಿನ ಪಾತ್ರೆ ಮಾತ್ರ ಕೋಳಿಗಳ ಮುಂದೆ ಸದಾ ತುಂಬಿರಬೇಕು.